ಇಕ್ಬಾಲ್ ಹೆಸರಿನ ಟಚ್‌ಡೌನ್

ಕಳೆದ ತಿಂಗಳು ಒಂದು ಭಾನುವಾರ ಮಧ್ಯಾಹ್ನ, ಸರಿಯಾಗಿ ಒಂದು ಗಂಟೆ ಕಾಲ, ನಾನು ಇಕ್ಬಾಲ್ ಆಗಿದ್ದೆ.

ಗಾಬರಿ ಬೇಡ. ಬೆನ್ನ ಮೇಲೆ ‘ಇಕ್ಬಾಲ್ 7’ ಎಂದು ಬರೆದ ಜರ್ಸಿ ಇತ್ತು. ಒಳಗಿದ್ದದ್ದು ನಾನೇ. ಮೈಸೂರಿನವ, ವಯಸ್ಸು ನಲವತ್ತೇಳು, ದುಬೈಯ ಜೆಬೆಲ್ ಅಲಿ ಬಂದರಿನ ಒಂದು ಗೋದಾಮಿನ ಡಾಕ್ಯುಮೆಂಟೇಶನ್ ಸೆಕ್ಷನ್‌ನಲ್ಲಿ ಹದಿನಾರು ವರ್ಷದಿಂದ ಕೂತೇ ಕೆಲಸ ಮಾಡುವವ. ಇಕ್ಬಾಲ್ ತೆಳ್ಳಗಿನ ಆಸಾಮಿ. ಅವನ ಜರ್ಸಿಯೊಳಗೆ ನಾನು ಹೇಗೆ ತೂರಿಕೊಂಡೆ ಎಂದು ಮಾತ್ರ ಕೇಳಬೇಡಿ.

(ಅಂದಹಾಗೆ, ಇಕ್ಬಾಲ್ ಅವನ ನಿಜವಾದ ಹೆಸರಲ್ಲ. ಏಕೆ ಬದಲಿಸಿದೆ ಎನ್ನುವುದು ಕೊನೆಗೆ ನಿಮಗೇ ತಿಳಿಯುತ್ತದೆ.)

ಆಗಿದ್ದಿಷ್ಟು. ನಮ್ಮ ಕಂಪನಿಯಲ್ಲಿ ಪ್ರತಿ ಚಳಿಗಾಲ ಕ್ರಿಕೆಟ್ ಟೂರ್ನಮೆಂಟ್ ನಡೆಯುತ್ತಿತ್ತು. ಈ ಸಲ ಅಮೆರಿಕದಿಂದ ಬಂದ ಹೊಸ ದೊಡ್ಡ ಬಾಸ್ ವಾಲ್ಟರ್, ‘ಕ್ರಿಕೆಟ್ ಸಾಕು, ಫ್ಲ್ಯಾಗ್ ಫುಟ್‌ಬಾಲ್ ಆಡೋಣ’ ಎಂದುಬಿಟ್ಟರು. ಅಂದರೆ ಅಮೆರಿಕನ್ ಫುಟ್‌ಬಾಲ್‌ನ ಸಾಧು ತಮ್ಮ. ಯಾರೂ ಯಾರ ಮೇಲೂ ಬೀಳುವಂತಿಲ್ಲ. ಸೊಂಟಕ್ಕೆ ಎರಡು ರಿಬ್ಬನ್. ಚೆಂಡು ಹಿಡಿದು ಓಡುವವನ ಒಂದು ರಿಬ್ಬನ್ ಕಿತ್ತರೂ ಅವನ ಓಟ ಖಲಾಸ್. ಕೀಳದಿದ್ದರೆ, ಮೈದಾನದ ಆ ತುದಿಯ ಗೆರೆ ದಾಟಿದರೆ, ಟಚ್‌ಡೌನ್.

ನಮ್ಮ ಗೋದಾಮಿನ ಟೀಮಿಗೆ ಕ್ಯಾಪ್ಟನ್ ಹಮೀದಾಕ. ಫೋರ್ಕ್‌ಲಿಫ್ಟ್ ಸೂಪರ್‌ವೈಸರ್, ದೇರಳಕಟ್ಟೆಯವರು. ಚೆಂಡನ್ನು ತಿರುಗಿಸಿ ಮುರುಗಿಸಿ ನೋಡಿ ಅವರು ಹೇಳಿದ್ದು ಇಷ್ಟೇ: “ಇದು ನಮ್ಮ ಕಬಡ್ಡಿಯೇ ಅಲ್ವಾ ಸಾರ್? ಕೈಯಲ್ಲೊಂದು ತೆಂಗಿನಕಾಯಿ ಜಾಸ್ತಿ ಉಂಟು, ಅಷ್ಟೆ.”

ಅಷ್ಟೇ ಆಗಿರಲಿಲ್ಲ. ಮೊದಲ ಮೂರು ಮ್ಯಾಚೂ ಸೋತೆವು. ಇಕ್ಬಾಲ್ ಗಾಳಿಯಂತೆ ಓಡುತ್ತಿದ್ದ, ನಿಜ. ಆದರೆ ಅವನ ಕೈಗೆ ಚೆಂಡು ತಲುಪಿಸುವವರು ಯಾರು?

ಸೋಲಿಗಿಂತ ದೊಡ್ಡ ಶಿಕ್ಷೆ ವಾಲ್ಟರ್ ಅವರ ಭಾಷಣ. ಪ್ರತಿ ಮ್ಯಾಚಿಗೆ ಮುಂಚೆ ಅದೇ ಕಥೆ. ನೂರು ವರ್ಷದ ಹಿಂದೆ, ದುಡ್ಡಿಗಾಗಿ ಫುಟ್‌ಬಾಲ್ ಆಡುವುದು ಇನ್ನೂ ಹೊಸತಾಗಿದ್ದಾಗ, ಅವರ ಅಜ್ಜ ಒಂದು ಉಕ್ಕಿನ ಕಾರ್ಖಾನೆಯ ಊರಿನ ಟೀಮಿನಲ್ಲಿದ್ದರಂತೆ. ವಾರವಿಡೀ ಎಲ್ಲರಿಗೂ ಕೆಲಸ, ಭಾನುವಾರ ಆಟ. ಇದ್ದವರೇ ಹನ್ನೊಂದು ಜನ, ಮೊದಲಿಂದ ಕೊನೆಯವರೆಗೆ ಅವರೇ ಓಡಬೇಕು, ಅವರೇ ತಡೆಯಬೇಕು. ಒಂದು ಸಲ ಎದುರಾಳಿ ಟೀಮು ಬರಲೇ ಇಲ್ಲ. ಇನ್ನೊಂದು ಸಲ ಇವರ ಇಬ್ಬರಿಗೆ ರೈಲು ತಪ್ಪಿತು. ಸೀಸನ್ ಪೂರ್ತಿ ಸೋಲು. ಕೊನೆಯ ಮ್ಯಾಚಿನಲ್ಲಿ, ಮೊಣಕಾಲುದ್ದ ಕೆಸರಿನಲ್ಲಿ, ಅಜ್ಜ ಟಚ್‌ಡೌನ್ ಹೊಡೆದು ಗೆಲ್ಲಿಸಿದರು. ಆಮೇಲೆ ಟೀಮೇ ಮುಚ್ಚಿಹೋಯಿತು. “ಗೈಸ್, ಒಂದು ಗೆಲುವು ಸಾಕು!” ಎಂದು ವಾಲ್ಟರ್ ಮುಗಿಸುತ್ತಿದ್ದರು. ನಮ್ಮ ಹುಡುಗರಿಗೆ ಆ ಸೀಸನ್ ಬಾಯಿಪಾಠ ಆಗಿತ್ತು. ರೈಲು ತಪ್ಪಿದ ಜಾಗ ಬಂದಾಗ ಎಲ್ಲರೂ ಒಟ್ಟಿಗೆ ‘ಅಯ್ಯೋ’ ಎನ್ನುತ್ತಿದ್ದರು.

ನಾಲ್ಕನೇ ಮ್ಯಾಚಿನ ದಿನ ಬೆಳಿಗ್ಗೆ ಬರ್ ದುಬೈಯ ಮನೆಯಲ್ಲಿ ಉಪ್ಪಿಟ್ಟು ತಿನ್ನುತ್ತಿದ್ದೆ. ಹಮೀದಾಕನ ಫೋನ್.

“ಸಾರ್, ಹಡಗು ಬಂತು. ಇಕ್ಬಾಲನಿಗೆ ಡ್ಯೂಟಿ ಹಾಕಿದ್ರು. ಲಿಸ್ಟಲ್ಲಿ ಹೆಸರು ಚೇಂಜ್ ಮಾಡ್ಲಿಕ್ಕೆ ಎಚ್‌ಆರ್ ಇವತ್ತು ರಜೆ. ನೀವೊಬ್ರು ಬನ್ನಿ.”

“ಹಮೀದಾಕ, ನಾನು ಲಿಫ್ಟ್ ಕೆಟ್ಟರೆ ಆಫೀಸಿಗೇ ಬರೋನಲ್ಲ!”

“ಎಂತ ಮಾರಾಯ್ರೆ, ಓಡ್ಲಿಕ್ಕೆ ಯಾರು ಹೇಳಿದ್ರು? ಇಕ್ಬಾಲನ ಜರ್ಸಿ ಹಾಕಿ ಮೂಲೆಯಲ್ಲಿ ನಿಂತ್ರೆ ಸಾಕು. ಯಲ್ಲಾ, ಬೇಗ ಬನ್ನಿ!”

ಹೋದೆ. ಎದುರಿಗೆ ಸೇಲ್ಸ್‌ನವರು. ಅವರ ಆಫೀಸು ಬೇರೆ ಕಡೆ, ನನ್ನ ಮುಖ ಅವರಿಗೆಲ್ಲಿ ಗೊತ್ತು? ನನ್ನ ಹೊಟ್ಟೆ ನೋಡಿ ಒಬ್ಬನೂ ನನ್ನ ಹತ್ತಿರ ನಿಲ್ಲಲಿಲ್ಲ. ಅಲ್ಲೇ ಅವರು ಕೆಟ್ಟಿದ್ದು. ಕೊನೆಯ ನಿಮಿಷದಲ್ಲಿ ಎಲ್ಲಾ ದಾರಿ ಮುಚ್ಚಿದಾಗ ಹಮೀದಾಕ ಕಣ್ಣುಮುಚ್ಚಿ ಚೆಂಡನ್ನು ನನ್ನತ್ತ ಎಸೆದರು. ಅದು ಬಂದು ನನ್ನ ಎದೆಗೇ ಬಡಿಯಿತು, ಅಪ್ಪಿಕೊಂಡೆ. ಓಡಿದೆ. ಏಳು ಜನ ಅಟ್ಟಿಸಿಕೊಂಡು ಬಂದರೆ ನೀವೂ ಓಡುತ್ತೀರಿ! ಒಬ್ಬ ನನ್ನ ಸೊಂಟದ ಸುತ್ತ ಕೈಯಾಡಿಸಿದ. ರಿಬ್ಬನ್ ಸಿಗಲಿಲ್ಲ. ಅವು ನನ್ನ ಹೊಟ್ಟೆಯ ಮಡಿಕೆಯೊಳಗೆ ಸುರಕ್ಷಿತವಾಗಿದ್ದವು. ‘ಇಕ್ಬಾಲ್! ಇಕ್ಬಾಲ್!’ ಎಂದು ಮೈದಾನ ಕಿರುಚುತ್ತಿತ್ತು. ಗೆರೆ ದಾಟಿ ಬಿದ್ದೆ.

ಸೀಸನ್ನಿನ ಮೊದಲ ಗೆಲುವು. ವಾಲ್ಟರ್ ಓಡಿಬಂದು ‘ಬೆಸ್ಟ್ ಪ್ಲೇಯರ್ – ಇಕ್ಬಾಲ್’ ಎಂಬ ಸರ್ಟಿಫಿಕೇಟ್ ಕೊಟ್ಟು ತಬ್ಬಿಕೊಂಡರು. ನೂರಾರು ಜನರ ಕಂಪನಿ, ಅವರಿಗೂ ನನ್ನ ಮುಖ ಗೊತ್ತಿರಲಿಲ್ಲ. ಆಗ ತೆಗೆದ ಫೋಟೋದಲ್ಲಿ ವಾಲ್ಟರ್ ಅವರ ಮುಖವಿದೆ, ನನ್ನ ಬೆನ್ನಿದೆ, ಬೆನ್ನ ಮೇಲೆ ಹೆಸರಿದೆ. ಸಂಜೆಯೊಳಗೆ ಅದು ಕಂಪನಿಯ ವಾಟ್ಸಾಪ್ ಗ್ರೂಪಿಗೆ ಬಂತು. ಸರ್ಟಿಫಿಕೇಟ್ ಇಕ್ಬಾಲನ ರೂಮಿಗೆ ಹೋಯಿತು. ನಾನು ಮನೆಗೆ ಬಂದು ಮೈಗೆಲ್ಲ ನೋವಿನ ಮುಲಾಮು ಹಚ್ಚಿಕೊಂಡು ಮಲಗಿದೆ.

ಸೋಮವಾರ ಬೆಳಿಗ್ಗೆ ಹಮೀದಾಕ ಓಡುತ್ತಾ ಬಂದರು. ಮುಖ ಸುಣ್ಣ.

“ಸಾರ್, ಇಕ್ಬಾಲನನ್ನು ಎಚ್‌ಆರಿಗೆ ಕರೆದಿದ್ದಾರೆ. ಪಂಚಿಂಗ್ ನಾವು ಮರೆತೇಬಿಟ್ಟೆವು!”

ಭಾನುವಾರ ಮಧ್ಯಾಹ್ನ ಇಕ್ಬಾಲನ ಕಾರ್ಡು ಯಾರ್ಡಿನ ಗೇಟಲ್ಲಿ ಪಂಚ್ ಆಗಿದೆ. ಅದೇ ಹೊತ್ತಿಗೆ ಇಕ್ಬಾಲ್ ಮೈದಾನದಲ್ಲಿ ಟಚ್‌ಡೌನ್ ಹೊಡೆದಿದ್ದಾನೆ. ಅಂದರೆ ಅವನ ಬದಲು ಬೇರೆ ಯಾರೋ ಕಾರ್ಡ್ ಪಂಚ್ ಮಾಡಿದ್ದಾರೆ! ನಮ್ಮಲ್ಲಿ ಅದಕ್ಕೆ ವಾರ್ನಿಂಗ್ ಇಲ್ಲ, ನೇರ ಟರ್ಮಿನೇಶನ್. ಜೀವನವಿಡೀ ಆ ಮೆಷಿನ್ನಿಗೆ ಹೆದರಿ ಬದುಕುವ ನಮಗೆ, ಒಬ್ಬ ಮನುಷ್ಯ ಎರಡು ಕಡೆ ಇರಲಾಗುವುದಿಲ್ಲ ಎನ್ನುವುದು ಹೊಳೆಯಲೇ ಇಲ್ಲವಲ್ಲ!

“ಆಡಿದ್ದು ಅವನಲ್ಲ, ನಾನು ಅಂತ ಇಕ್ಬಾಲ್ ಹೇಳಲಿಲ್ವಾ?”

“ಇಲ್ಲ ಸಾರ್. ‘ನಾನು ಡ್ಯೂಟಿಯಲ್ಲೇ ಇದ್ದೆ’ ಅಂತ ಮಾತ್ರ ಹೇಳ್ತಿದ್ದಾನೆ. ಆಡಿದ್ದು ಯಾರು ಅಂದ್ರೆ ಬಾಯಿ ಬಿಡುದಿಲ್ಲ. ‘ಸಾರ್‌ಗೆ ಸಣ್ಣ ಮಕ್ಕಳುಂಟು’ ಅಂತೆ.”

ಅವನಿಗೂ ಉಳ್ಳಾಲದಲ್ಲಿ ಒಬ್ಬಳು ಮಗಳಿದ್ದಾಳೆ, ಹತ್ತು ವರ್ಷದವಳು. ಇದು ಗೊತ್ತಿದ್ದೂ ನಾನು ಹತ್ತು ನಿಮಿಷ ಕುರ್ಚಿ ಬಿಟ್ಟೇಳಲಿಲ್ಲ. ನನ್ನ ವೀಸಾ, ಮಕ್ಕಳ ಸ್ಕೂಲು, ಮನೆ ಬಾಡಿಗೆ, ಎಲ್ಲ ಕಣ್ಣ ಮುಂದೆ ಬಂತು. ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತಿದ್ದೇನೆ. ಆಮೇಲೆ ಎದ್ದು ನೇರ ವಾಲ್ಟರ್ ಅವರ ಕ್ಯಾಬಿನ್ನಿಗೆ ಹೋದೆ.

“ಸರ್, ನಿನ್ನೆ ನೀವು ತಬ್ಬಿಕೊಂಡಿದ್ದು ನನ್ನನ್ನು. ನಾನು ಇಕ್ಬಾಲ್ ಅಲ್ಲ. ಅವನು ಯಾರ್ಡಿನಲ್ಲಿ ನಿಜವಾಗಿ ಕೆಲಸ ಮಾಡುತ್ತಿದ್ದ.”

ಅವರು ನನ್ನ ಮುಖ ನೋಡಿದರು, ಹೊಟ್ಟೆ ನೋಡಿದರು, ಗುರುತು ಹಿಡಿದರು. ಆಮೇಲೆ ಫೋನಿನಲ್ಲಿ ಒಂದು ಹಳೇ ಪೇಪರಿನ ತುಣುಕು ತೋರಿಸಿದರು. ಕೆಸರಿನ ಮ್ಯಾಚಿನ ಸುದ್ದಿ. ಟಚ್‌ಡೌನ್ ಹೊಡೆದವನ ಹೆಸರಿತ್ತು.

“ಇದು ನನ್ನ ಅಜ್ಜನ ಹೆಸರಲ್ಲ,” ಎಂದರು.

ಅಜ್ಜ ಸ್ಕೂಲ್ ಮೇಷ್ಟ್ರು. ದುಡ್ಡಿಗೆ ಆಡಿದ್ದು ತಿಳಿದರೆ ಕೆಲಸ ಹೋಗುತ್ತಿತ್ತು. ಕಾಲು ಮುರಿದುಕೊಂಡ ಕಾರ್ಖಾನೆಯ ಫಿಟ್ಟರ್ ಒಬ್ಬನ ಹೆಸರಿನಲ್ಲಿ ಇಡೀ ಸೀಸನ್ ಆಡಿದರಂತೆ. ನಾಲ್ಕು ಭಾಷಣದಲ್ಲೂ ವಾಲ್ಟರ್ ನುಂಗಿಕೊಂಡದ್ದು ಇದೊಂದನ್ನೇ. “ಆ ಫಿಟ್ಟರ್ ಮನೆಯವರು ಇದೇ ತುಣುಕಿಗೆ ಕಟ್ಟು ಹಾಕಿಸಿ ಹಜಾರದಲ್ಲಿ ಇಟ್ಟಿದ್ದಾರೆ. ಒಮ್ಮೆ ಹೋಗಿದ್ದೆ. ‘ನಮ್ಮ ಅಜ್ಜ ಹೊಡೆದದ್ದು’ ಎಂದು ತೋರಿಸಿದರು. ಕಾಫಿ ಕುಡಿದು ಬಂದೆ.”

ಇಕ್ಬಾಲನ ಫೈಲು ಅಲ್ಲೇ ಮುಚ್ಚಿತು. ನನಗೂ ಹಮೀದಾಕನಿಗೂ ವಾರ್ನಿಂಗ್ ಲೆಟರ್. ಗೆಲುವು ರದ್ದು. ಈಗ ರೆಕಾರ್ಡಿನಲ್ಲಿ ನಮ್ಮದು ನಾಲ್ಕಕ್ಕೆ ನಾಲ್ಕೂ ಸೋಲು. ಸರ್ಟಿಫಿಕೇಟ್ ವಿಷಯ ಮಾತ್ರ ವಾಲ್ಟರ್ ಎತ್ತಲಿಲ್ಲ.

ಎತ್ತಿದ್ದು ಇಕ್ಬಾಲ್. ಮರುದಿನ ಕ್ಯಾಂಟೀನಿಗೆ ಅದನ್ನು ಹಿಡಿದುಕೊಂಡು ಬಂದ. “ನಂದಲ್ಲದ್ದು ನಂಗೆ ಬೇಡ ಸಾರ್. ಆದ್ರೆ ಫೋಟೋ ಅವತ್ತೇ ತಮಾಷೆಗೆ ಮನೆಗೆ ಕಳಿಸಿಬಿಟ್ಟಿದ್ದೆ. ಮಗಳು ಕ್ಲಾಸಲ್ಲೆಲ್ಲ ತೋರ್ಸಿದ್ದಾಳೆ. ಈಗ ಹೇಗೆ ಹೇಳುದು?” ಅಷ್ಟರಲ್ಲಿ ‘ಉಪ್ಪ’ನನ್ನು, ಅಂದರೆ ಅಪ್ಪನನ್ನು, ಹುಡುಕಿಕೊಂಡು ಅವಳದೇ ವಿಡಿಯೋ ಕಾಲ್ ಬಂತು. ಅವನು ಫೋನನ್ನು ನನ್ನ ಕಡೆ ತಿರುಗಿಸಿದ. (ಮಗು ಇಂಗ್ಲಿಷ್ ಮೀಡಿಯಂ, ಈ ಅಂಕಣ ಓದುವ ಅಪಾಯವಿಲ್ಲ. ಆದರೂ ಯಾರಾದರೂ ಓದಿ ಹೇಳಿಬಿಟ್ಟರೆ ಎಂದೇ ಅವನ ಹೆಸರು ಬದಲಿಸಿದ್ದು.)

“ಅಂಕಲ್, ಉಪ್ಪ ಓಡುವಾಗ ನೀವು ನೋಡಿದ್ರಾ? ಎಲ್ಲಿದ್ರಿ ನೀವು?”

ಇಕ್ಬಾಲ್ ನೆಲ ನೋಡುತ್ತಿದ್ದ. ನನ್ನ ಬದುಕಿನ ಒಂದೇ ಒಂದು ಟಚ್‌ಡೌನ್ ಅದು.

“ಇಕ್ಬಾಲ್‌ನ ಜರ್ಸಿ ಗೆರೆ ದಾಟೋದನ್ನ ನನ್ನಷ್ಟು ಹತ್ತಿರದಿಂದ ಯಾರೂ ನೋಡಿಲ್ಲ ಕಣಮ್ಮ,” ಎಂದೆ.

ಇದರಲ್ಲಿ ಸುಳ್ಳೇನಾದರೂ ಇದೆಯೇ, ನೀವೇ ಹೇಳಿ?