ಅಧ್ಯಕ್ಷರ ನಿಲುವು, ಅತ್ತೆಯ ನಿಲುವು

ಯಾವ ವಿಷಯದಲ್ಲೂ ಥಟ್ಟನೆ ಒಂದು ನಿಲುವು ತೆಗೆದುಕೊಳ್ಳುವುದು ನನಗೆ ಇವತ್ತಿಗೂ ಒಗ್ಗಿಲ್ಲ. ಸಾರಿಗೆ ಬೆಲ್ಲ ಹಾಕಬೇಕೇ ಬೇಡವೇ ಎನ್ನುವುದೇ ಇನ್ನೂ ತೀರ್ಮಾನವಾಗಿಲ್ಲ. ತವರಿನಲ್ಲಿ ಹಾಕುತ್ತಿದ್ದರು, ಗಂಡನ ಮನೆಯಲ್ಲಿ ಹಾಕುವುದಿಲ್ಲ. ನಾನು ಅಡುಗೆಮನೆಯಲ್ಲಿ ಯಾರಿದ್ದಾರೆಂದು ನೋಡಿಕೊಂಡು ಹಾಕುತ್ತೇನೆ. ಹಾಗಾಗಿ ಟೀವಿಯಲ್ಲಿ ವಕ್ತಾರರು ಬಂದು ‘ಆಡಳಿತದ ನಿಲುವು ಇದು’ ಎಂದು ಗಟ್ಟಿಯಾಗಿ ಹೇಳುವಾಗ ನನಗೆ ಸ್ವಲ್ಪ ಹೊಟ್ಟೆಕಿಚ್ಚಾಗುತ್ತದೆ.

ಹಲವು ವರ್ಷಗಳ ಹಿಂದೆ, ನಾವು ಮಿಶಿಗನ್ ರಾಜ್ಯದ ಫಾರ್ಮಿಂಗ್ಟನ್ ಹಿಲ್ಸಿಗೆ ಹೊಸಬರಾಗಿದ್ದಾಗ, ಅಂಥದೊಂದು ನಿಲುವು ದಿನವೂ ಟೀವಿಯಲ್ಲಿ ಬರುತ್ತಿತ್ತು. ಮದುವೆ ಎಂದರೆ ಒಂದು ಗಂಡು ಒಂದು ಹೆಣ್ಣು ಮಾತ್ರ, ಅದನ್ನು ದೇಶದ ಸಂವಿಧಾನದಲ್ಲೇ ಬರೆದುಬಿಡಬೇಕು ಎಂಬ ತಿದ್ದುಪಡಿಗೆ ಅಧ್ಯಕ್ಷರ ಆಡಳಿತ ಬೆಂಬಲ ಕೊಟ್ಟಿತ್ತು. ನಮ್ಮ ಮಿಶಿಗನ್ ಕೂಡ ತನ್ನ ಸಂವಿಧಾನಕ್ಕೆ ಅಂಥದೇ ಸಾಲು ಸೇರಿಸಬೇಕೇ ಎಂದು ನವೆಂಬರಿನಲ್ಲಿ ಮತ ಹಾಕುವುದಿತ್ತು. ನನಗೆ ಮತವಿರಲಿಲ್ಲ. ನನ್ನ ವೀಸಾ ಗಂಡನ ವೀಸಾದ ಬಾಲ. ಮೈಸೂರಿನ ಛತ್ರವೊಂದರಲ್ಲಿ ಆದ ಮದುವೆಯ ಬಲದ ಮೇಲೆ ನಾನು ಈ ದೇಶದಲ್ಲಿದ್ದೆ. ಧಾರೆಯನ್ನು ಕಣ್ಣಾರೆ ಕಂಡ ಅಧಿಕಾರಿ ಒಬ್ಬನೂ ಇಲ್ಲಿರಲಿಲ್ಲ. ಆದರೂ ಆ ಮದುವೆ ನಿಜವೇ ಎಂದು ಯಾರೂ ಅನುಮಾನಪಡಲಿಲ್ಲ.

ಪಕ್ಕದ ಮನೆಯ ಕ್ಯಾರಲ್ ಮತ್ತು ಸೂಸನ್‌ಗೆ ಆ ಭಾಗ್ಯವಿರಲಿಲ್ಲ. ಹಿಂದಿನ ಬೇಸಿಗೆಯಲ್ಲಿ ಅವರಿಬ್ಬರೂ ಡೆಟ್ರಾಯಿಟ್ ನದಿಯ ಕೆಳಗಿನ ಸುರಂಗದಲ್ಲಿ ಕಾರು ಓಡಿಸಿಕೊಂಡು ಕೆನಡಾದ ವಿಂಡ್ಸರ್‌ಗೆ ಹೋಗಿ, ಮದುವೆಯಾಗಿ, ರಾತ್ರಿ ಊಟಕ್ಕೆ ವಾಪಸು ಬಂದಿದ್ದರು. ಆ ದಡದಲ್ಲಿ ಅವರು ಸಂಸಾರಸ್ಥರು, ಈ ದಡದಲ್ಲಿ ಒಂದೇ ಮನೆಯಲ್ಲಿರುವ ಇಬ್ಬರು ಹೆಂಗಸರು.

ಅವರ ಋಣ ನನ್ನ ಮೇಲೆ ದೊಡ್ಡದು. ನನ್ನ ಗಂಡ ಪ್ರಾಜೆಕ್ಟ್ ಎಂದು ಸೋಮವಾರ ಬೇರೆ ರಾಜ್ಯದ ಶಾಮ್‌ಬರ್ಗಿಗೆ ಹೋದರೆ ಬರುತ್ತಿದ್ದದ್ದು ಶುಕ್ರವಾರ. ಕಾರಿಲ್ಲದೆ ಕೊತ್ತಂಬರಿ ಸೊಪ್ಪೂ ಸಿಗದ ಊರಿನಲ್ಲಿ ನನಗೆ ಡ್ರೈವಿಂಗ್ ಕಲಿಸಿದವಳು ಕ್ಯಾರಲ್. ನಾನು ಬ್ರೇಕ್ ಹಾಕಿದಾಗಲೆಲ್ಲ ಅವಳು ತನ್ನ ದೇವರನ್ನೂ ನಾನು ನನ್ನ ದೇವರನ್ನೂ ಕರೆಯುತ್ತಿದ್ದೆವು. ನಾನು ಏಳುವ ಮೊದಲೇ ನಮ್ಮ ಮನೆ ಮುಂದಿನ ಡ್ರೈವ್‌ವೇಯ ಹಿಮವನ್ನು ತನ್ನ ಮೆಷಿನ್ನಿನಿಂದ ತಳ್ಳಿ ಹೋಗುತ್ತಿದ್ದವಳು ಸೂಸನ್.

ಆ ಸೆಪ್ಟೆಂಬರಿನಲ್ಲಿ ಸೂಸನ್‌ಗೆ ಹೃದಯದ ಆಪರೇಷನ್ ಎಂದು ಗೊತ್ತಾಗಿತ್ತು. ಕ್ಯಾರಲ್‌ಗೆ ಆಪರೇಷನ್ನಿನಷ್ಟೇ ಭಯ ಇನ್ನೊಂದಿತ್ತು. ‘ಆಸ್ಪತ್ರೆಯಲ್ಲಿ ನೀವು ಇವರಿಗೆ ಏನಾಗಬೇಕು ಅಂತ ಕೇಳಿದರೆ ಏನು ಹೇಳಲಿ? ಒಳಗೆ ಬಿಡದಿದ್ದರೆ?’ ಎಂದು ಬೇಲಿಯ ಆಚೆಯಿಂದ ನನ್ನನ್ನು ಕೇಳಿದ್ದಳು.

ಆಪರೇಷನ್ನಿಗೆ ಒಂದು ವಾರ ಮೊದಲು ಗೌರಿ ಹಬ್ಬ ಬಂತು. ಮೈಸೂರಿನಿಂದ ಅತ್ತೆ ಮಾವ ಬಂದಿದ್ದರು. ಗೌರಿ ಬಾಗಿನ ಎಂದರೆ ಜೊತೆ ಮೊರ ಬೇಕು, ಒಂದರಲ್ಲಿ ಅರಿಶಿನ ಕುಂಕುಮ, ಬಳೆ, ಬಿಚ್ಚೋಲೆ, ಬೇಳೆ ಬೆಲ್ಲ ಇಟ್ಟು ಇನ್ನೊಂದನ್ನು ಮುಚ್ಚಿ ಮುತ್ತೈದೆಯರಿಗೆ ಕೊಡಬೇಕು. ಮಿಶಿಗನ್ನಿನಲ್ಲಿ ಮೊರ ಎಲ್ಲಿಂದ ಬರಬೇಕು? ಕೇಕ್ ಬೇಯಿಸುವ ಅಲ್ಯೂಮಿನಿಯಂ ಟ್ರೇಗಳನ್ನೇ ಜೋಡಿ ಮಾಡಿದೆವು. ಗೌರಿ ಏನೂ ಅನ್ನಲಿಲ್ಲ.

ಪಕ್ಕದ ಮನೆಗೂ ಒಂದು ಬಾಗಿನ ಎಂದು ನಾನು ತೆಗೆದಿಟ್ಟೆ. ನನ್ನ ಲೆಕ್ಕ ಸರಳ: ಒಂದು ಮನೆ, ಒಂದು ಸಂಸಾರ, ಅಂದಮೇಲೆ ಒಬ್ಬ ಹೆಂಡತಿ. ಯಾರು ಹೆಂಡತಿ? ಹಿಮ ತಳ್ಳುವವಳು ಸೂಸನ್, ಬಿಸ್ಕತ್ತು ಮಾಡುವವಳು ಕ್ಯಾರಲ್. ಆದ್ದರಿಂದ ಬಾಗಿನ ಕ್ಯಾರಲ್‌ಗೆ. ನಮ್ಮ ಮನೆಯಲ್ಲಿ ತರಕಾರಿ ಹೆಚ್ಚುವವರು ನನ್ನ ಗಂಡ ಎನ್ನುವುದು ಆಗ ನೆನಪಿಗೇ ಬರಲಿಲ್ಲ.

“ಇನ್ನೊಬ್ಬಳಿಗೆ?” ಎಂದರು ಅತ್ತೆ.

ನಾನು ನದಿ, ವಿಂಡ್ಸರ್, ಅಧ್ಯಕ್ಷರು, ಸಂವಿಧಾನ ಎಲ್ಲವನ್ನೂ ವಿವರಿಸಿದೆ. ನನ್ನ ಅತ್ತೆ ಕ್ರಾಂತಿಕಾರಿಯೇನಲ್ಲ. ಸಾರಿನ ಸೌಟನ್ನು ಮಜ್ಜಿಗೆಗೆ ಅದ್ದಿದರೆ ಇಡೀ ಸಂಜೆ ಮಾತು ಬಿಡುವವರು. ಎಲ್ಲ ಕೇಳಿಸಿಕೊಂಡು ಹೇಳಿದರು:

“ನಾವು ಮೈಸೂರಲ್ಲಿ ಮದುವೆ ಆದೋರು. ಸಮುದ್ರ ದಾಟಿ ಬಂದ್ವಿ. ನಮ್ಮ ಮದುವೆ ಕರಗಿ ಹೋಯ್ತೇನಮ್ಮ? ಇವರು ದಾಟಿರೋದು ಒಂದು ಹೊಳೆ. ಅವರದು ಹೇಗೆ ಹೋಗತ್ತೆ?”

ಸೋಫಾದಲ್ಲಿದ್ದ ಮಾವ ತಮ್ಮ ಮದುವೆಯ ಬಗ್ಗೆ ಏನೂ ಹೇಳದೆ ಪೇಪರಿನ ಪುಟ ತಿರುಗಿಸಿದರು.

“ಆದ್ರೂ ಅತ್ತೆ, ಇಬ್ರೂ ಹೆಂಗಸರಲ್ವಾ?”

“ಅದಕ್ಕೇ ಇಬ್ಬರಿಗೂ ಕೊಡಬೇಕು. ಗಂಡಸರಿಗೆ ಬಾಗಿನ ಕೊಡೋ ಪದ್ಧತಿ ನಮ್ಮಲ್ಲಿಲ್ಲ. ಇನ್ನೊಂದು ಜೊತೆ ಟ್ರೇ ತೆಗಿ.”

ಅತ್ತೆಯ ಆಡಳಿತದಲ್ಲಿ ವಿಷಯ ಅಲ್ಲಿಗೆ ಮುಗಿಯಿತು.

ಬಾಗಿನವನ್ನು ಸೆರಗು ಹಿಡಿದು ತೆಗೆದುಕೊಳ್ಳಬೇಕು. ನಾವು ಪಕ್ಕದ ಮನೆಗೆ ಹೋದಾಗ ಕ್ಯಾರಲ್ ಅಡುಗೆಯ ಏಪ್ರನ್ ಹಿಡಿದಳು, ಸೂಸನ್ ಸ್ವೆಟ್‌ಶರ್ಟಿನ ಅಂಚನ್ನು ಎಳೆದು ಹಿಡಿದಳು. ನಾನು ಹೇಳಿಕೊಟ್ಟಂತೆ ಇಬ್ಬರೂ ಬಗ್ಗಿದರು. ಅತ್ತೆ ಇಬ್ಬರ ತಲೆಯ ಮೇಲೂ ಕೈಯಿಟ್ಟು “ದೀರ್ಘ ಸುಮಂಗಲೀ ಭವ” ಎಂದರು.

ಈ ಆಶೀರ್ವಾದದ ಬಗ್ಗೆ ನನಗೆ ಹಳೆಯ ತಕರಾರಿದೆ. ಬಗ್ಗಿ ಸೊಂಟ ನೋಯಿಸಿಕೊಳ್ಳುವವಳು ನಾನು, ಆಯುಸ್ಸು ಸಿಗುವುದು ಗಂಡನಿಗೆ. ನೀನು ಮುತ್ತೈದೆಯಾಗಿ ಬಾಳು ಎಂದರೆ ಅವನು ಬದುಕಿರಲಿ ಎಂದೇ ಅರ್ಥ. ಹಿಂದಿನವರ ಈ ಏರ್ಪಾಡು ನನಗೆ ಎಂದೂ ಅಷ್ಟಾಗಿ ಹಿಡಿಸಿರಲಿಲ್ಲ. ಆದರೆ ಕ್ಯಾರಲ್ ಅರ್ಥ ಕೇಳಿದಾಗ, ‘ನೀನು ಯಾರನ್ನು ಮದುವೆಯಾಗಿದ್ದೀಯೋ ಅವರು ಬಹಳ ಕಾಲ ಬದುಕಿರಲಿ ಅಂತ’ ಎಂದು ಇಂಗ್ಲಿಷಿನಲ್ಲಿ ಹೇಳಿದೆ. ಅವಳು ಸೂಸನ್‌ಳ ಮುಖ ನೋಡಿದಳು, ಆಮೇಲೆ ಗಳಗಳನೆ ಅತ್ತುಬಿಟ್ಟಳು. “ಕುಂಕುಮ ಕಣ್ಣಿಗೆ ಬಿತ್ತೇನೋ, ನೋಡಮ್ಮ” ಎಂದು ಅತ್ತೆ ತಮ್ಮ ಸೆರಗಿನಿಂದಲೇ ಒರೆಸಿದರು. ಆ ಹೊತ್ತಿನಲ್ಲಿ ಅತ್ತೆಯ ಮೇಲೆ ನನಗೆ ಉಕ್ಕಿದ ಪ್ರೀತಿಯನ್ನು ಅವರಿಗೆ ನಾನು ಹೇಳಲೇ ಇಲ್ಲ. ಹೇಳಿದ್ದರೆ ಸಾರಿನ ವಿಷಯದಲ್ಲಿ ನನ್ನ ಸ್ಥಾನ ಇನ್ನೂ ದುರ್ಬಲವಾಗುತ್ತಿತ್ತು.

ಆಪರೇಷನ್ನಿನ ದಿನ ನರ್ಸ್ ಕೇಳಿಯೇ ಕೇಳಿದಳಂತೆ, ನೀವು ಇವರಿಗೆ ಏನಾಗಬೇಕು ಎಂದು. ಸ್ನೇಹಿತೆ ಎನ್ನೋಣ ಎಂದುಕೊಂಡು ಹೋಗಿದ್ದ ಕ್ಯಾರಲ್ ಬಾಯಿಂದ ‘ಹೆಂಡತಿ’ ಎಂದೇ ಬಂತು. ನರ್ಸ್ ಒಂದು ಕ್ಷಣ ಅವಳನ್ನು ನೋಡಿ, ಒಳಗೆ ಕರೆದು, ಮಂಚದ ಪಕ್ಕ ಕುರ್ಚಿ ಎಳೆದು ಕೊಟ್ಟಳು. ಹೆಸರು ಗೊತ್ತಿಲ್ಲದ ಆ ನರ್ಸನ್ನು ನಾನು ಈಗಲೂ ನೆನೆಸಿಕೊಳ್ಳುತ್ತೇನೆ.

ನವೆಂಬರಿನಲ್ಲಿ ನಮ್ಮ ರಾಜ್ಯ ಆ ಸಾಲನ್ನು ತನ್ನ ಸಂವಿಧಾನಕ್ಕೆ ಸೇರಿಸಿಕೊಂಡಿತು. ದೇಶದ ಸಂವಿಧಾನಕ್ಕೆ ಮಾತ್ರ ಅದು ಸೇರಲಿಲ್ಲ. ಅಧ್ಯಕ್ಷರು ಬದಲಾದರು, ನಿಲುವುಗಳೂ ಬದಲಾದವು. ವರ್ಷಗಳ ಮೇಲೆ ದೊಡ್ಡ ಕೋರ್ಟು ಇಂಥ ಮದುವೆಗಳೆಲ್ಲ ದೇಶದ ತುಂಬ ಊರ್ಜಿತ ಎಂದಿತು. ಸಂಭ್ರಮ ತಡೆಯಲಾರದೆ ಮೈಸೂರಿಗೆ ಫೋನ್ ಮಾಡಿದೆ.

“ಅತ್ತೆ, ಕ್ಯಾರಲ್ ಸೂಸನ್ ಮದುವೆ ಇನ್ಮೇಲೆ ಇಲ್ಲೂ ಲೆಕ್ಕಕ್ಕೆ ಬರುತ್ತಂತೆ!”

“ಅವರಿಗೆ ಮದುವೆ ಆಗಿ ಎಷ್ಟೋ ವರ್ಷ ಆಯ್ತಲ್ಲಮ್ಮ, ಅದೇನು ಹೊಸ ಸುದ್ದಿ? ಸೂಸನ್ ಹೇಗಿದಾಳೆ, ಅದನ್ನ ಹೇಳು.”

ನಾನು ಕಿಟಕಿಯಿಂದ ನೋಡಿದೆ. ಹುಲ್ಲು ಇವತ್ತು ಕತ್ತರಿಸಬೇಕೋ ನಾಳೆಯೋ ಎಂದು ಹಿತ್ತಲಿನಲ್ಲಿ ಇಬ್ಬರೂ ಕೈ ಬೀಸಿ ಬೀಸಿ ವಾದ ಮಾಡುತ್ತಿದ್ದರು. ಹಾಗೆಂದು ವರದಿ ಒಪ್ಪಿಸಿದೆ.

“ಜಗಳ ಆಡ್ತಿದಾಳಾ? ಹಾಗಾದ್ರೆ ಹುಡುಗಿ ಗಟ್ಟಿಯಾಗಿದಾಳೆ ಬಿಡು,” ಎಂದು ಅತ್ತೆ ನಿಶ್ಚಿಂತೆಯಿಂದ ಫೋನ್ ಇಟ್ಟರು.