ಎರಡು ಸೀಲಿನ ಶನಿವಾರ

ಪುಕ್ಕಟೆ ಸಿಕ್ಕರೆ ನನಗೊಂದು ನಮ್ಮಪ್ಪನಿಗೊಂದು ಎನ್ನುವ ಗಾದೆ ನಮ್ಮ ಮನೆಯಲ್ಲಿ ಹುಟ್ಟಿದ್ದಲ್ಲ. ಬಸ್ಸಿನಲ್ಲಿ ಯಾರಾದರೂ ಎದ್ದು ಸೀಟು ಬಿಟ್ಟುಕೊಟ್ಟರೆ, ಅವರು ಯಾಕೆ ಎದ್ದರು ಎಂದು ಮೊದಲು ಸೀಟನ್ನು ಮುಟ್ಟಿ ನೋಡುವ ಪೈಕಿ ನಾನು. ಮನೆಗೆ ಬೀಗ ಹಾಕಿ ಗೇಟಿನವರೆಗೆ ಹೋಗಿ, ತಿರುಗಿ ಬಂದು ಬೀಗ ಎಳೆದು ನೋಡುತ್ತೇನೆ. ಎಳೆದದ್ದರಿಂದ ಸಡಿಲವಾಯಿತೇನೋ ಎಂದು ಇನ್ನೊಂದು ಸಲ ಬರುತ್ತೇನೆ. ಇಂಥವನು ನಲವತ್ತಾರನೆಯ ವಯಸ್ಸಿನಲ್ಲಿ ಒಂದು ಬೆತ್ತದ ಕುರ್ಚಿಯ ಆಸೆಗೆ ಬಿದ್ದೆ ಎಂದರೆ ನನ್ನನ್ನು ಬಲ್ಲವರು ನಂಬುವುದಿಲ್ಲ.

ಕೊಡಗು ಮೈಸೂರಿಗೆ ಸೇರಿ ಎರಡೋ ಮೂರೋ ವರ್ಷವಾಗಿತ್ತು. ಸುಂಟಿಕೊಪ್ಪದಿಂದ ನಾಲ್ಕು ಮೈಲಿಯ ಒಂದು ಕಾಫಿ ಎಸ್ಟೇಟಿನಲ್ಲಿ ನಾನು ರೈಟರ್. ರೈಟರ್ ಎಂದರೆ ಪುಸ್ತಕ ಬರೆಯುವವನಲ್ಲ, ಆಳುಗಳ ಹಾಜರಿ ಬರೆಯುವವನು. ಬಿಳಿಯರು ಹೋಗಿ ನಮ್ಮವರೇ ಮ್ಯಾನೇಜರಾಗಿ ಬಂದಿದ್ದರೂ ಅವರನ್ನು ದೊರೆ ಎನ್ನುವುದು ಹೋಗಿರಲಿಲ್ಲ. ಆಫೀಸಿನಲ್ಲಿ ದೊರೆಗೊಂದು ಕುರ್ಚಿ, ದೊರೆಯ ನಾಯಿಗೊಂದು ಗೋಣಿತಾಟು. ಹದಿನೆಂಟು ವರ್ಷ ನಾನು ಅವೆರಡರ ನಡುವೆ ನಿಂತೇ ವರದಿ ಒಪ್ಪಿಸಿದ್ದೆ.

ಪೇಟೆಯಲ್ಲಿ ಜವಳಿ ಅಂಗಡಿಯ ಮಾಳಿಗೆಯ ಮೇಲೆ ಒಂದು ಕ್ಲಬ್ಬಿತ್ತು. ಕೇರಂ ಬೋರ್ಡು ಒಂದು, ಇಸ್ಪೀಟಿನ ಮೇಜು ಐದು. ಶನಿವಾರ, ಭಾನುವಾರ ರಮ್ಮಿ. ಆಡಲು ಕೂತವನು ಗೆದ್ದರೂ ಮೇಜಿನ ಫೀಸು ಕೊಡಬೇಕು, ಸೋತರೂ ಕೊಡಬೇಕು. ಅಲ್ಲಿ ಎಂದೂ ಸೋಲದವನು ಸೆಕ್ರೆಟರಿ ಒಬ್ಬನೇ, ಏಕೆಂದರೆ ಅವನು ಆಡುತ್ತಿರಲಿಲ್ಲ.

ಆ ವರ್ಷ ಜನವರಿಯಲ್ಲಿ ಸೆಕ್ರೆಟರಿ ಎಲ್ಲರಿಗೂ ಒಂದೊಂದು ಹಳದಿ ಕಾರ್ಡು ಹಂಚಿದ. ಆಟಕ್ಕೆ ಕೂತ ದಿನ ಅದರ ಮೇಲೆ ತಾರೀಖಿನ ಸೀಲು ಒತ್ತುತ್ತಾನೆ. ವರ್ಷದೊಳಗೆ ಎಪ್ಪತ್ತು ಸೀಲಾದವನು ಖಾಯಂ ಮೆಂಬರು: ಕಿಟಕಿಯ ಪಕ್ಕ ಬೆತ್ತದ ಕುರ್ಚಿ, ಅದರ ಬೆನ್ನಿಗೆ ಬಿಳಿ ಪೇಂಟಿನಲ್ಲಿ ಅವನ ಹೆಸರು, ಗ್ಲಾಸಿನ ಬದಲು ಪಿಂಗಾಣಿ ಕಪ್ಪಿನಲ್ಲಿ ಬಿಟ್ಟಿ ಕಾಫಿ. ಡಿಸೆಂಬರ್ ಮುಗಿದರೆ ಹಳೆಯ ಸೀಲು ಸತ್ತಂತೆ. ಕುರ್ಚಿ ಉಳಿಯಬೇಕಾದರೆ ಮತ್ತೆ ಒಂದರಿಂದ ಶುರು.

ಕೇಳಿದ ತಕ್ಷಣ ಇದರಲ್ಲೇನೋ ಇದೆ ಎಂದುಕೊಂಡೆ. ಕಾಫಿ ಬಿಟ್ಟಿಯಾದರೆ ಡಿಕಾಕ್ಷನ್ ಎಷ್ಟನೆಯ ಸಲದ್ದು? ಹೆಸರು ಬರೆಯುವ ಪೇಂಟು ಒರೆಸಿದರೆ ಹೋಗುತ್ತದೆಯೋ? ಎಲ್ಲವನ್ನೂ ಅನುಮಾನಿಸಿದೆ, ನನ್ನೊಬ್ಬನನ್ನು ಬಿಟ್ಟು. ಮಾರನೆಯ ಶನಿವಾರ ಮೂರು ಗಂಟೆಯ ಬಸ್ಸು ಹತ್ತಿದೆ.

ಹೆಂಡತಿ ಶನಿವಾರಸಂತೆಯ ಕಡೆಯವಳು, ಮಾತಿನಲ್ಲಿ ಹಾಸನದ ಖಾರ. “ಆ ಕುರ್ಚಿನ ಮನೆಗೆ ತತ್ತೀರಾ?” ಎಂದು ಕೇಳಿದಳು.

ಇಲ್ಲ, ಕ್ಲಬ್ಬಿನಲ್ಲೇ ಇರುತ್ತದೆ ಎಂದೆ.

“ಮತ್ತೆ ನಮ್ಮನೇಲಿರೋ ಕುರ್ಚಿ ಏನ್ ಪಾಪ ಮಾಡಿತ್ತು?”

ಅದರಲ್ಲಿ ಕೂತರೆ ಯಾರೂ ನೋಡುವುದಿಲ್ಲ ಎಂದು ಹೇಳುವಷ್ಟು ಧೈರ್ಯ ನನಗಿರಲಿಲ್ಲ.

ಮಳೆಗಾಲ ಕಳೆಯುವ ಹೊತ್ತಿಗೆ ರಮ್ಮಿಯ ರುಚಿ ಹೋಗಿತ್ತು. ಎದುರಿನವನು ಕೆಮ್ಮಿದರೆ ಜೋಕರಿಗೆ ಸನ್ನೆಯೇನೋ ಎನಿಸುತ್ತಿತ್ತು. ಜ್ವರ ಬಂದ ಒಂದು ಭಾನುವಾರವೂ ಮಫ್ಲರ್ ಸುತ್ತಿಕೊಂಡು ಹೋಗಿ, ಎರಡು ಕೈ ಆಡಿ, ಸೀಲು ಒತ್ತಿಸಿಕೊಂಡು ಬಂದು ಮಲಗಿದೆ. ಅಂದು ಹೆಂಡತಿ ಕಷಾಯದ ಲೋಟ ಇಟ್ಟು, “ಹಾಜರಿ ಪೂರ್ತಿ ಆದ್ರೆ ಕಂಬಳಿನೂ ಕೊಡ್ತಾರೇನ್ರೀ?” ಎಂದಳು.

ಎಸ್ಟೇಟಿನಲ್ಲಿ ಅದೊಂದು ಪದ್ಧತಿ. ವರ್ಷದಲ್ಲಿ ಇಷ್ಟು ದಿನ ಎಂದು ಹಾಜರಿ ತುಂಬಿದ ಆಳಿಗೆ ಡಿಸೆಂಬರಿನ ಕೊನೆಯ ಶನಿವಾರ ಒಂದು ಕಂಬಳಿ. ಒಂದು ದಿನ ಕಡಿಮೆಯಾದರೂ ಇಲ್ಲ. ಅಕ್ಟೋಬರಿನಿಂದಲೇ ನಾನು ಆಳುಗಳ ವಠಾರವಾದ ಲೈನಿನ ಮುಂದೆ ನಿಂತು, ಇನ್ನು ನಿನಗೆ ಇಷ್ಟೇ ದಿನ, ಈಗ ಊರಿಗೆ ಹೋಗಬೇಡ, ಕಂಬಳಿ ತಪ್ಪುತ್ತದೆ ಎಂದು ಹೆದರಿಸುತ್ತಿದ್ದೆ. ಕಾಫಿ ಹಣ್ಣು ಕೊಯ್ಯುವ ಪಿಕಿಂಗ್ ಸಮಯದಲ್ಲಿ ಆಳು ಕೈಬಿಡದಿರಲಿ ಎಂದೇ ಆ ಕಂಬಳಿ ಎಂಬುದು ನನಗೆ ಗೊತ್ತಿತ್ತು. ಹೆಂಡತಿಯ ಮಾತಿಗೆ ನಗಲಿಲ್ಲ. ಜ್ವರ ಹೆಚ್ಚಾದವನಂತೆ ಮುಸುಕೆಳೆದೆ.

ಡಿಸೆಂಬರ್ ಮೊದಲ ಶನಿವಾರ ಸೆಕ್ರೆಟರಿ ಹೊಸದೊಂದು ಹೂಡಿದ. ನಾಲ್ಕು ಗಂಟೆಗೆ ಮುಂಚೆ ಬಂದು ಕೂತವರಿಗೆ ಅಂದು ಎರಡು ಸೀಲು. ನಮ್ಮಲ್ಲಿ ಹಾಜರಿಯನ್ನು ಬೆಳಿಗ್ಗೆ ಪೆನ್ಸಿಲಿನಲ್ಲಿ ಗುರುತು ಹಾಕಿ, ಸಂಜೆ ಎಲ್ಲರೂ ಹಣ್ಣಿನ ಚೀಲ ಹೊತ್ತು ಬಂದಾಗ ಮುಖ ನೋಡಿ ಶಾಯಿಯಲ್ಲಿ ತಿದ್ದುವುದು ಕ್ರಮ. ಮಿಕ್ಕ ಶನಿವಾರಗಳಲ್ಲಿ ಅರ್ಧ ದಿನವಾದ್ದರಿಂದ ಮಧ್ಯಾಹ್ನವೇ ಅದು ಮುಗಿಯುತ್ತಿತ್ತು. ಪಿಕಿಂಗ್ ಶುರುವಾಗಿದ್ದರಿಂದ ಆ ಶನಿವಾರ ಪೂರ್ತಿ ದಿನದ ಕೆಲಸ. ನಾನು ಎರಡೂವರೆಗೇ ತೋಟದಲ್ಲಿ ಕಂಡಷ್ಟು ಮುಖ ನೋಡಿ ಶಾಯಿ ಎಳೆದು, ಬಸ್ಸಿಗೆ ಓಡಿದೆ.

ಕೊನೆಯ ವಾರದ ಹೊತ್ತಿಗೆ ನನ್ನ ಕಾರ್ಡಿನಲ್ಲಿ ಅರವತ್ತೆಂಟು ಸೀಲು. ಉಳಿದದ್ದು ಒಂದು ಶನಿವಾರ, ಒಂದು ಭಾನುವಾರ. ಎರಡಕ್ಕೂ ಹೋಗಲೇಬೇಕು.

ಶುಕ್ರವಾರ, ಹಾಜರಿಯ ಲೆಕ್ಕ ಮುಗಿಯುವ ದಿನ, ಕಂಬಳಿಯ ಪಟ್ಟಿ ಹಾಕಿದೆ. ಸಂಜೆ ಲೈನಿನ ಕೊನೆಯ ಕೋಣೆಯ ಹೆಂಗಸು ಬಂದು ನಿಂತಳು. ತಮಿಳು ಸೀಮೆಯಿಂದ ಬಂದು ವರ್ಷಗಳಾಗಿದ್ದವು. ಹೋದ ವರ್ಷದ ಕಂಬಳಿಯನ್ನು ಬಾಣಂತನ ಮುಗಿಸಿ ಹೊರಟ ಮಗಳಿಗೆ ಹೊದಿಸಿ ಕಳಿಸಿ, ಆ ಚಳಿಗಾಲವನ್ನು ಗೋಣಿಚೀಲದಲ್ಲಿ ಕಳೆಯುತ್ತಿದ್ದಳು. ಪಟ್ಟಿಯಲ್ಲಿ ಅವಳ ಹೆಸರಿರಲಿಲ್ಲ. ಒಂದು ದಿನ ಕಡಿಮೆ. ನಾನು ಎಲ್ಲರಿಗೂ ಹೇಳುವುದನ್ನೇ ಹೇಳಿದೆ: ಪುಸ್ತಕದಲ್ಲಿ ಇದ್ದದ್ದು ಇದ್ದಂತೆ.

“ಪುಸ್ತಕ ನಿಮ್ದು, ಗೋಡೆ ನಂದು. ನಾಳೆ ಬಂದು ಗೋಡೆ ನೋಡಿ ರೈಟರಯ್ಯ,” ಎಂದಳು.

ಇದೇನೋ ಹೊಸ ಉಪಾಯ ಎಂದುಕೊಂಡೇ ಶನಿವಾರ ಬೆಳಿಗ್ಗೆ ಹೋದೆ. ಅವಳ ಕೋಣೆಯ ಗೋಡೆಯ ಮೇಲೆ ಇದ್ದಿಲಿನ ಗೆರೆಗಳು. ಕೆಲಸಕ್ಕೆ ಬಂದ ದಿನಕ್ಕೊಂದು ಗೆರೆ, ಭಾನುವಾರಕ್ಕೊಂದು ಸೊನ್ನೆ, ವಾರಕ್ಕೊಂದು ಸಾಲು. ಇದ್ದಿಲಿಗೇನು ಬರ, ಒಂದು ಗೆರೆ ರಾತ್ರಿ ಎಳೆದಿರಬಹುದು ಎಂದು ಬೆರಳಿನಿಂದ ಉಜ್ಜಿ ನೋಡಿದೆ. ಪುಸ್ತಕ ಬಿಚ್ಚಿ ಸಾಲು ಸಾಲಾಗಿ ತಾಳೆ ನೋಡಿದೆ. ಜ್ವರದಲ್ಲಿ ಅವಳು ಮಲಗಿದ ವಾರ ಗೋಡೆಯಲ್ಲೂ ಖಾಲಿ, ಪುಸ್ತಕದಲ್ಲೂ ಖಾಲಿ. ಇಡೀ ವರ್ಷದಲ್ಲಿ ಒಂದೇ ದಿನ ಹೆಚ್ಚುಕಡಿಮೆ: ಡಿಸೆಂಬರ್ ಮೊದಲ ಶನಿವಾರ.

ಅಂದು ಮೇಸ್ತ್ರಿ ತನ್ನನ್ನು ಮಧ್ಯಾಹ್ನ ನರ್ಸರಿಗೆ ನೀರು ಹೊರಲು ಕಳಿಸಿದ್ದ ಎಂದಳು. ಮೇಸ್ತ್ರಿಯನ್ನು ಕೇಳಿದರೆ ಇರಬಹುದು, ಇಲ್ಲದೆಯೂ ಇರಬಹುದು ಎಂದ. ನಾನು ಜೇಬಿನಿಂದ ಹಳದಿ ಕಾರ್ಡು ತೆಗೆದೆ. ಅದೇ ತಾರೀಖು, ನೇರಳೆ ಬಣ್ಣದಲ್ಲಿ, ಎರಡು ಸಲ.

ಶಾಯಿ ಬಿದ್ದ ಹಾಜರಿಯನ್ನು ದೊರೆಯ ಕಣ್ಣೆದುರಿಗೇ ತಿದ್ದಿ ಅವರ ರುಜು ಹಾಕಿಸಬೇಕು. ಅವರು ಮಡಿಕೇರಿಗೆ ಹೋಗಿದ್ದರು, ಐದಕ್ಕೆ ಬರುತ್ತಾರೆ. ಭಾನುವಾರ ಬೆಳಿಗ್ಗೆ ಮಂಗಳೂರಿಗೆ ಹೊರಟರೆ ವಾರ ಬರುವುದಿಲ್ಲ. ಹಂಚಿ ಮಿಕ್ಕ ಕಂಬಳಿ ಸೋಮವಾರ ಕಂಬಳಿ ಒದಗಿಸುವ ಸಾಹುಕಾರನ ಲಾರಿಯಲ್ಲಿ ವಾಪಸ್ಸು. ನನ್ನ ಬಸ್ಸು ಮೂರಕ್ಕೆ, ಐದರ ಮೇಲೆ ಪೇಟೆಗೆ ಬಸ್ಸೇ ಇಲ್ಲ. ಒಂದು ಚೀಟಿ ಬರೆದಿಟ್ಟು ಹೋದರೆ? ಬರೆದೆ. ಓದಿದೆ. ನನಗೇ ನಂಬಿಕೆ ಬರಲಿಲ್ಲ. ಹರಿದೆ. ಮೂರು ಗಂಟೆಯ ಬಸ್ಸು ತಿರುವಿನಲ್ಲಿ ಹಾರ್ನ್ ಹಾಕಿದ್ದು ಆಫೀಸಿನೊಳಗೆ ಕೇಳಿಸಿತು. ನಾನು ಎದ್ದೆ, ಬಾಗಿಲವರೆಗೆ ಹೋದೆ. ಆಫೀಸಿನ ಜಗಲಿಯ ಕೆಳಗೆ ಆ ಹೆಂಗಸು ಕೂತು ಎಲೆಯಡಿಕೆ ಹಾಕುತ್ತಿದ್ದಳು. ನನ್ನನ್ನು ಕಾಯುತ್ತಿದ್ದಳೋ ಕಾವಲಿದ್ದಳೋ ತಿಳಿಯಲಿಲ್ಲ. ಒಳಗೆ ಬಂದೆ.

ದೊರೆ ಬಂದದ್ದು ಆರಕ್ಕೆ. ಎಲ್ಲ ಕೇಳಿ ನನ್ನ ಮುಖ ನೋಡಿ, “ಎಷ್ಟು ಕೊಟ್ಟಳು?” ಎಂದರು.

ಜನ್ಮವೆಲ್ಲ ಊರನ್ನು ಅನುಮಾನಿಸಿದವನಿಗೆ ಆ ಪ್ರಶ್ನೆ ಎಲ್ಲಿ ತಾಗಬೇಕೋ ಅಲ್ಲೇ ತಾಗಿತು. ಗೋಡೆಯ ಮಾತು ಹೇಳಿದರೆ ನಗುತ್ತಿದ್ದರು. ಬೇರೆ ದಾರಿಯಿಲ್ಲದೆ ಹಳದಿ ಕಾರ್ಡನ್ನು ಮೇಜಿನ ಮೇಲಿಟ್ಟು, ಅಂದು ಹಾಜರಿ ಮುಗಿಯುವ ಮೊದಲೇ ನಾನು ಎಲ್ಲಿದ್ದೆ ಎಂಬುದನ್ನು ಒಪ್ಪಿಸಿದೆ. ಅವರು ಕಾರ್ಡನ್ನು ತಿರುಗಿಸಿ ಮುರುಗಿಸಿ ಓದಿದರು.

“ಎಪ್ಪತ್ತಾದ್ರೆ ಏನ್ ಕೊಡ್ತಾರೆ?”

“ಕುರ್ಚಿ.”

ದೊರೆ ಪೆನ್ನಿನ ಮುಚ್ಚಳ ತೆಗೆದರು. ಈಗ ಕೂತುಕೊಳ್ಳಿ ಎನ್ನುತ್ತಾರೇನೋ ಎಂದು ನನಗೊಂದು ಕ್ಷಣ ಅನಿಸಿದ್ದು ನಿಜ. ಎನ್ನಲಿಲ್ಲ. ತಿದ್ದಿದಲ್ಲಿ ರುಜು ಹಾಕಿ, ಆ ಶನಿವಾರದ ನನ್ನ ಅರ್ಧ ದಿನಕ್ಕೆ ಗೈರುಹಾಜರಿ ಬರೆದು, ಪುಸ್ತಕವನ್ನು ನನ್ನ ಕಡೆ ತಳ್ಳಿದರು. ನಾನು ಹೊರಬಂದು ಕಂಬಳಿ ಕೊಟ್ಟೆ. ಅವಳು ಅದನ್ನು ಲಾಟೀನಿನ ಬೆಳಕಿಗೆ ಹಿಡಿದು ಅಂಚಿನಿಂದ ಅಂಚಿಗೆ ತೂತು ಹುಡುಕಿದಳು. ನನ್ನ ಪೈಕಿಯವಳೇ ಎನಿಸಿತು.

ಅರವತ್ತೊಂಬತ್ತಕ್ಕೆ ಕುರ್ಚಿಯಿಲ್ಲವಾದ್ದರಿಂದ ಮರುದಿನ ಭಾನುವಾರವೂ ಹೋಗಲಿಲ್ಲ. ಜನವರಿಯಲ್ಲಿ ಪೇಟೆಯಲ್ಲಿ ಸೆಕ್ರೆಟರಿ ಸಿಕ್ಕಿದ. ಎರಡೇ ಸೀಲಿಗೆ ಕುರ್ಚಿ ಕಳೆದುಕೊಂಡಿರಲ್ಲ ಎಂದು ನನಗಿಂತ ಹೆಚ್ಚು ದುಃಖಪಟ್ಟ. “ಅದೇನ್ ಮಹಾ ರೈಟ್ರೇ. ಈ ವಾರ ಬಂದು ಕೂತ್ಕೊಳ್ಳಿ, ಸೀಲಿನ ಚಕ್ರ ಹಿಂದಕ್ಕೆ ತಿರುಗಿಸಿ ಒತ್ತಿಬಿಡ್ತೀನಿ.” ಒಂದು ದಿನವನ್ನು ಹಿಂದಕ್ಕೆ ತಿರುಗಿಸಲು ನಾನು ದೊರೆಯ ಮುಂದೆ ಬೆವರಿದ್ದೆ, ಇವನು ಬೆರಳಿನಲ್ಲಿ ತಿರುಗಿಸುತ್ತಾನೆ. ಹಾಗೆ ತಿರುಗುವ ಸೀಲಿಗಾಗಿ ಜ್ವರದಲ್ಲಿ ಹೋಗಿದ್ದೆನಲ್ಲ ಎಂದು ನಾಚಿಕೆಯಾಯಿತು. ಯೋಚಿಸಿ ಹೇಳುತ್ತೇನೆ ಎಂದೆ. ಇನ್ನೂ ಹೇಳಿಲ್ಲ.

ಆ ತಿಂಗಳು ಲೈನುಗಳಿಗೆ ವರ್ಷದ ಸುಣ್ಣ ಹೊಡೆಸುವ ಹುಕುಂ ಬಂತು. ನಾನು ಸುಣ್ಣದವರ ಜೊತೆ ಕೊನೆಯ ಕೋಣೆಗೆ ಹೋದಾಗ ಅವಳು ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದಳು.

“ಹಳೇದು ಅಳಿಸಕ್ಕೆ ಬಂದ್ರಾ?”

ಇಲ್ಲ, ಗೆರೆ ಇರುವಷ್ಟು ಬಿಟ್ಟು ಮಿಕ್ಕದ್ದಕ್ಕೆ ಹೊಡೆಯುತ್ತಾರೆ ಎಂದೆ. ಅವಳು ನಂಬಲಿಲ್ಲ. ಸುಣ್ಣ ಹೊಡೆದು ಮುಗಿಯುವವರೆಗೂ ಅಲ್ಲಿಂದ ಕದಲಲೂ ಇಲ್ಲ. ನಾನೂ ನಿಂತಿದ್ದೆ, ಸುಣ್ಣದವರು ನನ್ನ ಮಾತು ಕೇಳುತ್ತಾರೆಂದು ನನಗೂ ನಂಬಿಕೆಯಿರಲಿಲ್ಲ.