ನಿವಾಳಿಸಿದ ರೊಟ್ಟಿ

ಮಾನ್ವಿಗೆ ಬಂದ ಮರುದಿನ ಪಕ್ಕದ ಮನೆಯ ಗೌರಮ್ಮ ನನ್ನ ಕೈ ಹಿಡಿದು, "ಅಮ್ಮಾರ, ನಿಮ್ಮ ಮಗಳು ಹೆಂಗ ಮೈಕೈ ತುಂಬಿಕೊಂಡಾಳ ನೋಡ್ರಿ! ಅಂಜಿಕಿ ಬಿಟ್ಟದ," ಎಂದರು. ಸಿಹಿ ಸುದ್ದಿ ಹೇಳುವವರ ಮುಖ. ನನಗೆ ಕಂಡದ್ದು ಬೇರೆ. ನಾಲ್ಕು ಮೆಟ್ಟಿಲು ಹತ್ತಿದರೆ ಸುಧಾ ಗೋಡೆ ಹಿಡಿದು ನಿಲ್ಲುತ್ತಿದ್ದಳು. ಅವಳಿಗಿನ್ನೂ ಮೂವತ್ತೆರಡು.

ಸುಧಾ ಮಲ್ಲಟದ ಶಾಲೆಯಲ್ಲಿ ಶಿಕ್ಷಕಿ. ಮಾನ್ವಿಯಿಂದ ದಿನವೂ ಕ್ರೂಸರ್‌ನಲ್ಲಿ ಹೋಗುತ್ತಾಳೆ. ಜನರನ್ನು ಒತ್ತಿ ತುಂಬುವ ಬಾಡಿಗೆ ಗಾಡಿ ಅದು. ಹೋದ ಮಳೆಗಾಲದಲ್ಲಿ ಅದು ಕಾಲುವೆಗೆ ಉರುಳಿತು. ಇವಳನ್ನು ನೀರಿನಿಂದ ಎಳೆದು ತೆಗೆದರು, ಪಕ್ಕದಲ್ಲಿ ಕುಳಿತಿದ್ದ ಸಹಶಿಕ್ಷಕಿ ಬದುಕಲಿಲ್ಲ. ಮಂಡ್ಯದ ನಮ್ಮ ಮನೆಯಲ್ಲಿ ಒಂದು ತಿಂಗಳಿದ್ದು ಕೆಲಸಕ್ಕೆ ಮರಳಿದಳು. ಫೋನಿನಲ್ಲಿ "ಚೆನ್ನಾಗಿದ್ದೀನಮ್ಮ" ಎನ್ನುತ್ತಿದ್ದಳು. ಈ ಚಳಿಗಾಲದಲ್ಲಿ ನಾನೇ ಬಂದು ಅವಳ ಬಾಡಿಗೆ ಮನೆಯಲ್ಲಿ ನೆಲೆನಿಂತೆ.

ನಮ್ಮ ಕಡೆಯವರಿಗೆ ಈ ಊರು ಹೊರನೋಟಕ್ಕೆ ಪರಕೀಯವಲ್ಲ. ಅದೇ ಭತ್ತದ ಗದ್ದೆ, ಅದೇ ಅಕ್ಕಿ ಗಿರಣಿ. ಆದರೆ ಮಂಡ್ಯದಲ್ಲಿ ನಾಲೆಗೆ ನೀರು ಬಿಟ್ಟರೆಂದರೆ ಹಬ್ಬ. ಇಲ್ಲಿ ಆ ಸುದ್ದಿ ಬಂದರೆ ನನ್ನ ಮಗಳು ಕಿಟಕಿ ಮುಚ್ಚುತ್ತಾಳೆ. ಮುದ್ದೆ ತಿರುವುವ ಕೈಯಲ್ಲಿ ಜೋಳದ ರೊಟ್ಟಿ ಬಡಿಯಲು ಕಲಿತೆ. ಮೊದಲನೆಯದನ್ನು ನೋಡಿ ಗೌರಮ್ಮ, "ಇದೇನ್ರಿ, ಆಂಧ್ರದ ನಕಾಶಿ ಬರದೀರಿ?" ಎಂದು ನಕ್ಕಿದ್ದರು. ಹದಿನೈದು ದಿನಕ್ಕೆ ರೊಟ್ಟಿ ದುಂಡಗಾಯಿತು.

ನರ್ಸಿಂಗ್ ಹಾಸ್ಟೆಲ್ಲಿನ ವಾರ್ಡನ್ ಆಗಿ ಗಂಟೆ ಬಾರಿಸಿ ಊಟ ಹಾಕಿಸಿದವಳು ನಾನು. ಇಲ್ಲಿಯೂ ಹೊತ್ತು ಗೊತ್ತು ಮಾಡಿದೆ. ಸುಧಾ ಹೊತ್ತಿಗೆ ಸರಿಯಾಗಿ ಕುಳಿತು, ಸ್ವಲ್ಪವೇ ಉಣ್ಣುತ್ತಿದ್ದಳು. ಬೀದಿಯ ತುದಿಯಲ್ಲಿ ಕ್ರೂಸರ್‌ನ ಹಾರ್ನ್ ಕೇಳಿದರೆ ಮಾತ್ರ ಎದ್ದು ಅಡುಗೆಮನೆಗೆ ಹೋಗುತ್ತಿದ್ದಳು. ನಿಂತುಕೊಂಡೇ ನಿನ್ನೆಯ ಅನ್ನ, ಚುರುಮುರಿ, ಬೆಲ್ಲ, ಕೈಗೆ ಸಿಕ್ಕಿದ್ದೆಲ್ಲ. ಸರಿಯಾಗಿ ಅಗಿಯುತ್ತಲೂ ಇರಲಿಲ್ಲ. ಆಮೇಲೆ ಬಾಯಿ ತೊಳೆದು, ನನ್ನ ಮುಖ ನೋಡದೆ ಗಾಡಿ ಹತ್ತುತ್ತಿದ್ದಳು. ಭಾನುವಾರ ಹಾರ್ನ್ ಇಲ್ಲ; ಈ ತಿನ್ನುವುದೂ ಇಲ್ಲ. ಅದು ತಿಳಿದ ದಿನದಿಂದ ನನ್ನ ಭಯ ಹೆಚ್ಚಾಯಿತು.

ಗೌರಮ್ಮನಿಗೆ ಹೇಳಿದೆ. "ಒಳಗ ಅಂಜಿಕಿ ಕುಂತದ, ನಿವಾಳಿಸಿ ಒಗೀಬೇಕ್ರಿ," ಎಂದರು. ಮುಸ್ಸಂಜೆ ಎರಡು ರೊಟ್ಟಿಯ ಮೇಲೆ ಕುಂಕುಮ ಕಲಸಿದ ಅನ್ನವಿಟ್ಟು ಸುಧಾಳಿಗೆ ಸುತ್ತಿ ಇಳಿಸಿದರು. ಅದನ್ನು ಮೂರು ದಾರಿ ಕೂಡುವಲ್ಲಿ ಎಸೆದು ಬರಬೇಕು. ತಟ್ಟೆಯನ್ನು ಹೊಸ್ತಿಲ ಬಳಿ ಇಟ್ಟು, ಬ್ಯಾಟರಿ ಹುಡುಕಲು ಗೌರಮ್ಮ, ನಾನು ಇಬ್ಬರೂ ಒಳಗೆ ಹೋದೆವು. ಹೊರಗೆ ಗಾಡಿಯೊಂದು ಹಾರ್ನ್ ಹೊಡೆಯಿತು.

ಬಂದು ನೋಡಿದರೆ ತಟ್ಟೆ ಬರಿದು. ಸುಧಾಳ ತುಟಿಯೆಲ್ಲ ಕುಂಕುಮ.

"ಯವ್ವಾ! ಅದನ್ನ ತಿಂದೇನ ತಂಗಿ?" ಗೌರಮ್ಮ ಬಾಗಿಲ ಚೌಕಟ್ಟು ಹಿಡಿದುಕೊಂಡರು.

ಸುಧಾ ತನ್ನ ಕೆಂಪು ಬೆರಳುಗಳನ್ನು ನೋಡಿದಳು. "ನಾನಾ? ನಾನು ತಿಂದೆನಾ, ಅಮ್ಮ?"

ಇಂಥವನ್ನೆಲ್ಲ ನಾನು ನಂಬುವವಳಲ್ಲ. ಆದರೂ ಆ ತಟ್ಟೆಯನ್ನು ಬೋರಲು ಹಾಕಿದೆ. ಗೌರಮ್ಮ ಓಡಿಹೋಗಬಹುದೆಂದುಕೊಂಡೆ. ಅವರು ಸೆರಗಿನಿಂದ ಅವಳ ಬಾಯಿ ಒರೆಸಿದರು. "ಇದು ಹಸಿವಲ್ರೀ ಅಮ್ಮಾರ. ಗುಣ ಆಗ್ಯಾಳಂತ ನಾ ದಿನಾ ಹೋಳಿಗಿ ತಂದು ಹಾಕಿದೆ. ನಾಳೆನೇ ರಾಯಚೂರಿಗೆ ನಡೀರಿ, ನಾನೂ ಬರ್ತೀನಿ."

ಬಸ್ಸಿನಲ್ಲಿ ಸುಧಾ ನಮ್ಮಿಬ್ಬರ ನಡುವೆ ಕಣ್ಣು ಮುಚ್ಚಿ ಕುಳಿತಿದ್ದಳು. ರಾಯಚೂರಿನ ಮನೋವೈದ್ಯೆ ಹೇಳಿದ್ದು ಇಷ್ಟು: ಅಪಘಾತ ಮುಗಿದರೂ ದೇಹಕ್ಕೆ ಅದು ಮುಗಿದಿಲ್ಲ. ತಿಂದಾಗ ಕ್ಷಣಕಾಲ ಭಯ ಅಡಗುತ್ತದೆ; ಹಿಂದೆಯೇ ನಾಚಿಕೆ, ಅದರಿಂದ ಮತ್ತೆ ತಿನ್ನುವುದು. ರಕ್ತದೊತ್ತಡ ಏರಿದೆ, ಸಕ್ಕರೆ ಅಂಚಿನಲ್ಲಿದೆ. ಬೈಯಬೇಡಿ, ಡಬ್ಬಿಗೆ ಬೀಗ ಹಾಕಬೇಡಿ, ಏನು ತಿಂದೆ ಎಂದು ಕೇಳಬೇಡಿ. ಬಹಳ ದಿನ ಬರಬೇಕಾಗುತ್ತದೆ.

ವರ್ಗಾವಣೆ ಮಾಡಿಸಿಕೊಂಡು ಬರಲಿ ಎಂದಳು ಮಂಡ್ಯದ ನನ್ನ ತಂಗಿ. ಸುಧಾ ಒಪ್ಪಲಿಲ್ಲ. "ಅಲ್ಲೂ ನಾಲೆ ಇದೆಯಲ್ಲಮ್ಮ. ಇಲ್ಲಿ ನನ್ನ ಶಾಲೆ ಮಕ್ಕಳಾದರೂ ದಾರಿ ಕಾಯ್ತಾರೆ," ಎಂದಳು.

ಈಗ ಕೆಲವು ದಿನ ಹಾರ್ನ್ ಕೇಳಿದರೂ ಅಡುಗೆಮನೆಗೆ ಹೋಗದೆ ಗಾಡಿ ಹತ್ತುತ್ತಾಳೆ, ಕೆಲವು ದಿನ ಇಲ್ಲ. ಹೋದ ವಾರ ಪಿಂಚಣಿಯ ಕೆಲಸಕ್ಕೆ ಮಂಡ್ಯಕ್ಕೆ ಹೋಗಿದ್ದೆ. ಬೆಳಿಗ್ಗೆ ಸುಧಾ ಫೋನ್ ಮಾಡಿ "ಗಾಡಿ ಹತ್ತಿದೆ" ಎಂದಳು. ಯಾರಿಗೆ ಯಾರು ಸಿಕ್ಕರೂ ಊಟವಾಯಿತೇ ಎಂದು ಮೊದಲು ಕೇಳುವ ನಾಡು ನಮ್ಮದು, ಅಲ್ಲೂ ಇಲ್ಲೂ. ಆ ಮಾತು ನಾಲಿಗೆಯ ತುದಿಗೆ ಬಂತು, ನುಂಗಿಕೊಂಡೆ. ತಂಗಿ ಬಿಸಿ ಇಡ್ಲಿ ತಂದಿಟ್ಟು, "ತಿನ್ನಕ್ಕ, ಆರಿಹೋಗುತ್ತೆ," ಎಂದಳು.

ಮಲ್ಲಟದಿಂದ "ಇಳಿದೆ" ಎಂಬ ಫೋನ್ ಬರುವವರೆಗೆ ನನ್ನ ಕೈ ತಟ್ಟೆಗೆ ಹೋಗಲಿಲ್ಲ.